ಪರನಾಡಿನ ಪಟ್ಟಣದಲ್ಲಿ ವ್ರತದ ಊಟ

'ಊಟ ತನ್ನಿಚ್ಛೆ, ನೋಟ ಪರರಿಚ್ಛೆ' ಎಂಬುದು ನಮ್ಮ ಹಿರಿಯರ ಮಾತು. ತನ್ನ ಊರಿನಲ್ಲಿ, ತನ್ನ ಮನೆಯಲ್ಲಿ ಇರುವವನಿಗೆ ಈ ಮಾತು ನಿಜ. ಆದರೆ ಊರು ಬಿಟ್ಟು ದೂರದ ಪಟ್ಟಣವನ್ನು ಸೇರಿದವನಿಗೆ ಊಟವೂ ಪರರ ಇಚ್ಛೆಗೆ ಒಳಪಟ್ಟುಬಿಡುತ್ತದೆ. ಅಲ್ಲಿ ಒಲೆ ಬೇರೆಯವರದು, ಪಾತ್ರೆ ಬೇರೆಯವರದು, ರುಚಿಯೂ ಬೇರೆಯವರದು. ಇಂಥ ಕಡೆ ತನ್ನ ನಿಯಮಕ್ಕೆ ಒಪ್ಪುವ ಒಂದು ತುತ್ತು ಅನ್ನವನ್ನು ಹುಡುಕುವುದು ಸಣ್ಣ ಕೆಲಸವೆಂದು ಹೊಟ್ಟೆ ತುಂಬಿದವರಿಗೆ ತೋರಬಹುದು. ಹಸಿದವನಿಗೆ ಅದು ಸಣ್ಣದಲ್ಲ.

ಇಂದು ನಮ್ಮ ಧರ್ಮಕೇಂದ್ರಗಳ ಅನೇಕ ಕುಟುಂಬಗಳಲ್ಲಿ ಒಂದು ಹೊಸ ಮಾತು ಕೇಳಿಬರುತ್ತಿದೆ. ಓದಿಗೋ ಉದ್ಯೋಗಕ್ಕೋ ಬೆಂಗಳೂರು, ಮುಂಬಯಿ, ಲಂಡನ್ನಿಗೆ ಹೋದ ಮಗನೋ ಮಗಳೋ ರಜೆಗೆ ಮನೆಗೆ ಬಂದು, 'ನಾನೀಗ ವೀಗನ್. ಮಾಂಸ, ಮೀನು, ಮೊಟ್ಟೆ ಮಾತ್ರವಲ್ಲ, ಹಾಲು, ಮೊಸರು, ತುಪ್ಪವೂ ಬೇಡ' ಎನ್ನುತ್ತಾರೆ. ತಾಯಿಗೆ ದಿಗಿಲು, ಅಜ್ಜಿಗೆ ಬೇಸರ, ತಂದೆಗೆ ನಗು. ಇದು ನಿನ್ನೆ ಮೊನ್ನೆಯ ಗೀಳೆಂದು ಅನೇಕರು ತಿಳಿದಿದ್ದಾರೆ. ಆದರೆ ಈ ಮಾತಿಗೆ ದೀರ್ಘವಾದ ಇತಿಹಾಸವಿದೆ. ಆ ಇತಿಹಾಸದ ಮುಖ್ಯವಾದ ಒಂದು ಅಧ್ಯಾಯ ನಡೆದದ್ದು ಲಂಡನ್ನಿನ ಹೋಟೆಲುಗಳಲ್ಲಿ. ಅದರಲ್ಲಿ ಹಸಿದು ಅಲೆದವರು ನಮ್ಮ ದೇಶದ ಒಬ್ಬ ತರುಣ.

ಹತ್ತು ಮೈಲಿಯ ನಡಿಗೆ

1888ರ ಸೆಪ್ಟೆಂಬರ್‌ನಲ್ಲಿ ಮೋಹನದಾಸ ಕರಮಚಂದ ಗಾಂಧಿಯವರು ನ್ಯಾಯಶಾಸ್ತ್ರ ಕಲಿಯಲು ಮುಂಬಯಿಯಿಂದ ಹಡಗು ಹತ್ತಿದರು. ಆಗ ಅವರಿಗೆ ಹತ್ತೊಂಬತ್ತು ಇನ್ನೂ ತುಂಬಿರಲಿಲ್ಲ. ಹೊರಡುವ ಮುನ್ನ ತಾಯಿ ಪುತಲೀಬಾಯಿಯವರ ಸಮಾಧಾನಕ್ಕಾಗಿ, ಜೈನ ಮುನಿ ಬೇಚರ್‌ಜಿ ಸ್ವಾಮಿಯವರ ಸಮ್ಮುಖದಲ್ಲಿ ಮೂರು ಪ್ರತಿಜ್ಞೆಗಳನ್ನು ಮಾಡಿದ್ದರು. ಮದ್ಯವನ್ನು ಮುಟ್ಟುವುದಿಲ್ಲ, ಪರಸ್ತ್ರೀಯನ್ನು ಬಯಸುವುದಿಲ್ಲ, ಮಾಂಸವನ್ನು ತಿನ್ನುವುದಿಲ್ಲ. ಮೊದಲ ಎರಡು ಪ್ರತಿಜ್ಞೆಗಳು ಪ್ರಲೋಭನೆಯ ಗಳಿಗೆಯಲ್ಲಿ ಮಾತ್ರ ಪರೀಕ್ಷೆಗೆ ಬರುವಂಥವು. ಮೂರನೆಯದಾದರೋ ದಿನಕ್ಕೆ ಮೂರು ಬಾರಿ ಪರೀಕ್ಷೆಗೆ ಬರುತ್ತಿತ್ತು.

ಲಂಡನ್ನಿನಲ್ಲಿ ಅವರು ತಂಗಿದ ಮನೆಗಳಲ್ಲಿ ಬೆಳಗಿನ ಓಟ್ಸ್ ಗಂಜಿಯೇನೋ ಹೊಟ್ಟೆ ತುಂಬಿಸುತ್ತಿತ್ತು. ಮಧ್ಯಾಹ್ನ ಮತ್ತು ರಾತ್ರಿಗೆ ಬೇಯಿಸಿದ ಸೊಪ್ಪು, ಬ್ರೆಡ್ಡು, ಜಾಮು. ಎರಡು ಮೂರು ಚೂರಿಗಿಂತ ಹೆಚ್ಚು ಬ್ರೆಡ್ಡನ್ನು ಕೇಳಲು ಸಂಕೋಚ. ಹಿತಚಿಂತಕನಾದ ಗೆಳೆಯನೊಬ್ಬ ಮಾಂಸ ತಿನ್ನುವಂತೆ ದಿನವೂ ಬೋಧಿಸುತ್ತಿದ್ದ. ಓದುಬರಹವಿಲ್ಲದ ತಾಯಿಗೆ, ಇಲ್ಲಿನ ಸ್ಥಿತಿಗತಿ ತಿಳಿಯದವಳಿಗೆ ಕೊಟ್ಟ ಮಾತಿಗೆ ಬೆಲೆಯೇನೆಂಬುದು ಅವನ ವಾದ. ಗಾಂಧೀಜಿಯವರಲ್ಲಿ ಆ ವಾದಕ್ಕೆ ಪ್ರತಿವಾದವಿರಲಿಲ್ಲ. ಕೊಟ್ಟ ಮಾತು ಕೊಟ್ಟ ಮಾತೇ ಎಂಬ ಹಟವೊಂದೇ ಇತ್ತು.

ಪಟ್ಟಣದಲ್ಲಿ ಸಸ್ಯಾಹಾರದ ಹೋಟೆಲುಗಳು ಇವೆಯೆಂದು ಮನೆಯೊಡತಿ ಹೇಳಿದ್ದರು. ಎಲ್ಲಿವೆಯೆಂದು ಹುಡುಕುತ್ತ ಅವರು ದಿನವೂ ಹತ್ತು ಹನ್ನೆರಡು ಮೈಲಿ ನಡೆದರು. ಅಗ್ಗದ ಅಂಗಡಿಯೊಂದರಲ್ಲಿ ಬ್ರೆಡ್ಡು ತಿಂದು ಹೊಟ್ಟೆ ತುಂಬಿಸಿದರೂ ತೃಪ್ತಿಯಿಲ್ಲ. ಹೀಗೆ ಅಲೆಯುತ್ತಿದ್ದಾಗ ಒಂದು ದಿನ ಫ್ಯಾರಿಂಗ್‌ಡನ್ ಬೀದಿಯಲ್ಲಿ ಅಂಥ ಹೋಟೆಲೊಂದು ಕಣ್ಣಿಗೆ ಬಿತ್ತು. ಬಯಸಿದ ವಸ್ತು ಕೈಸೇರಿದ ಮಗುವಿನಂತೆ ಹಿಗ್ಗಿದೆನೆಂದು ಅವರು ಆತ್ಮಕಥೆಯಲ್ಲಿ ನೆನೆಯುತ್ತಾರೆ. ಬಾಗಿಲ ಬಳಿಯ ಗಾಜಿನ ಹಿಂದೆ ಮಾರಾಟಕ್ಕಿಟ್ಟ ಪುಸ್ತಕಗಳಿದ್ದವು. ಹೆನ್ರಿ ಸಾಲ್ಟ್ ಎಂಬ ಲೇಖಕರು 1886ರಲ್ಲಿ ಸಸ್ಯಾಹಾರದ ಪರವಾಗಿ ಬರೆದಿದ್ದ ಪುಸ್ತಕವನ್ನು ಒಂದು ಶಿಲ್ಲಿಂಗಿಗೆ ಕೊಂಡು, ನೇರವಾಗಿ ಊಟದ ಕೋಣೆಗೆ ನಡೆದರು. ಇಂಗ್ಲೆಂಡಿಗೆ ಬಂದ ಮೇಲೆ ಅವರು ಮನಸಾರೆ ಉಂಡ ಮೊದಲ ಊಟ ಅದು. ದೇವರೇ ನೆರವಿಗೆ ಬಂದನೆಂದು ಅವರಿಗೆ ಅನ್ನಿಸಿತು.

ಅಂದಿನವರೆಗೆ ಅವರು ಸಸ್ಯಾಹಾರಿಯಾಗಿದ್ದುದು ತಾಯಿಗೆ ಕೊಟ್ಟ ಮಾತಿಗಾಗಿ. ಸಾಲ್ಟ್ ಅವರ ಪುಸ್ತಕವನ್ನು ಓದಿದ ಮೇಲೆ ಅದು ಅವರ ಸ್ವಂತ ಆಯ್ಕೆಯಾಯಿತು. ವಿಧೇಯತೆಯಿಂದ ಆರಂಭವಾದದ್ದು ಅರಿವಾಗಿ ಬೆಳೆಯಿತು. ಮಕ್ಕಳನ್ನು ಬೆಳೆಸುವ ತಂದೆತಾಯಿಗಳು ಈ ಮಾತನ್ನು ಗಮನಿಸಬೇಕು.

ಹೋಟೆಲು ಅಲ್ಲಿಗೆ ಬಂದ ಬಗೆ

ಮಾಂಸವೇ ಮುಖ್ಯ ಆಹಾರವಾಗಿದ್ದ ಆ ಪಟ್ಟಣದಲ್ಲಿ ಇಂಥ ಹೋಟೆಲು ಹೇಗೆ ಬಂತು? ಇದರ ಬೇರನ್ನು ಹುಡುಕುತ್ತ ಹೋದರೆ ನಾವು ಮುಟ್ಟುವುದು ಒಂದು ಕ್ರೈಸ್ತ ಸಭೆಯನ್ನು. 1809ರಲ್ಲಿ ಮ್ಯಾಂಚೆಸ್ಟರ್ ಬಳಿಯ ಸಾಲ್ಫರ್ಡಿನಲ್ಲಿ ವಿಲಿಯಂ ಕೌಹರ್ಡ್ ಎಂಬ ಬೋಧಕರು 'ಬೈಬಲ್ ಕ್ರಿಶ್ಚಿಯನ್ ಚರ್ಚ್' ಎಂಬ ಸಣ್ಣ ಸಭೆಯನ್ನು ಸ್ಥಾಪಿಸಿದರು. ಅವರ ಮನೆತನದ ಹೆಸರಿನ ಅರ್ಥವೇ ದನಗಾಹಿ! ಆ ಸಭೆಯ ಸದಸ್ಯರು ಮಾಂಸವನ್ನೂ ಮದ್ಯವನ್ನೂ ವರ್ಜಿಸುತ್ತಿದ್ದರು. ಆ ಸಭೆಗೆ ಸೇರಿದ ಮಾರ್ಥಾ ಬ್ರದರ್ಟನ್ ಎಂಬ ಗೃಹಿಣಿ 1812ರಲ್ಲಿ ಮಾಂಸವಿಲ್ಲದ ಅಡಿಗೆಯ ಪುಸ್ತಕವೊಂದನ್ನು ಪ್ರಕಟಿಸಿದರು. ಅವರ ಪತಿ ಜೋಸೆಫ್ ಬ್ರದರ್ಟನ್ ಸಾಲ್ಫರ್ಡಿನ ಸಂಸತ್ ಸದಸ್ಯರಾದರು. 1847ರ ಸೆಪ್ಟೆಂಬರ್ 30ರಂದು ರ‍್ಯಾಮ್ಸ್‌ಗೇಟ್ ಎಂಬ ಊರಿನಲ್ಲಿ ಸಸ್ಯಾಹಾರಿಗಳ ಸಂಘ ಸ್ಥಾಪನೆಯಾದಾಗ ಸಭೆಯ ಅಧ್ಯಕ್ಷತೆ ವಹಿಸಿದವರು ಅವರೇ. ಅವರ ಸಭೆಯ ಬೋಧನೆಗಳೆಲ್ಲ ನಮ್ಮ ಧರ್ಮಸಭೆಯ ಬೋಧನೆಗಳಲ್ಲ. ಆದರೂ ಹೊಲಿಗೆ, ನೇಯ್ಗೆ, ಕಾರ್ಖಾನೆಗಳ ಬಡಜನರ ನಡುವೆ ಅವರು ಬಿತ್ತಿದ ಬೀಜವನ್ನು ಇತಿಹಾಸ ಮರೆಯಲಾಗದು.

ಆ ಶತಮಾನದ ಕೊನೆಯ ಭಾಗದಲ್ಲಿ ಲಂಡನ್ನಿನಲ್ಲಿ ಇಂಥ ಹೋಟೆಲುಗಳು ಹಲವಾರು ಎದ್ದವು. ತತ್ವಕ್ಕಾಗಿ ಬಂದವರಿಗಿಂತ ಅಗ್ಗದ ಊಟಕ್ಕಾಗಿ ಬಂದವರೇ ಅಲ್ಲಿ ಹೆಚ್ಚು. ಬೇಳೆ, ಕಾಳು, ತರಕಾರಿಯ ಊಟ ಆರು ಪೆನ್ನಿಗೆ ಸಿಗುತ್ತಿದ್ದುದರಿಂದ ಕಡಿಮೆ ಸಂಬಳದ ಗುಮಾಸ್ತರು ಬರುತ್ತಿದ್ದರು. ಪರದೇಶದ ವಿದ್ಯಾರ್ಥಿಯೊಬ್ಬನ ವ್ರತವನ್ನು ಉಳಿಸಿದ್ದು ಯಾರದೋ ನಂಬಿಕೆ, ಇನ್ಯಾರದೋ ವ್ಯಾಪಾರ, ಮತ್ತಾರದೋ ಬಡತನ. ಇವೆಲ್ಲ ಸೇರಿ ಆ ಬೀದಿಯಲ್ಲಿ ಒಂದು ಬಾಗಿಲನ್ನು ತೆರೆದಿಟ್ಟಿದ್ದವು.

ಸೂಪಿನಲ್ಲಿ ಏನಿದೆ?

ಮಾಂಸ ತಿನ್ನಲು ಒತ್ತಾಯಿಸುತ್ತಿದ್ದ ಗೆಳೆಯ ಇನ್ನೊಂದು ಪ್ರಯತ್ನ ಮಾಡಿದ. ನಾಟಕಕ್ಕೆ ಹೋಗುವ ಮುನ್ನ ಗಾಂಧೀಜಿಯವರನ್ನು ಹಾಲ್ಬರ್ನ್ ರೆಸ್ಟೋರೆಂಟ್ ಎಂಬ ಅರಮನೆಯಂಥ ಹೋಟೆಲಿಗೆ ಊಟಕ್ಕೆ ಕರೆದೊಯ್ದ. ಅಲ್ಲಿಯ ವೈಭವದ ನಡುವೆ ಸಂಕೋಚದಿಂದ ಪ್ರಶ್ನೆ ಕೇಳಲಾರದೆ ಇವರು ಸುಮ್ಮನೆ ಉಂಡಾರೆಂಬುದು ಅವನ ಲೆಕ್ಕಾಚಾರ. ಮೊದಲು ಸೂಪು ಬಂತು. ಅದು ಯಾವುದರಿಂದ ಮಾಡಿದ್ದೋ ತಿಳಿಯದು. ಗೆಳೆಯನನ್ನು ಕೇಳುವ ಧೈರ್ಯವಿಲ್ಲದೆ ಗಾಂಧೀಜಿ ಮಾಣಿಯನ್ನು ಕರೆದರು. ಏನೆಂದು ಗೆಳೆಯ ಗದರಿದ. ಇದು ತರಕಾರಿಯ ಸೂಪೋ ಎಂದು ತಿಳಿಯಬೇಕಿತ್ತೆಂದು ಇವರು ಅಳುಕುತ್ತ ಹೇಳಿದರು. ಸಭ್ಯರ ನಡುವೆ ಕೂರಲು ನೀನು ಯೋಗ್ಯನಲ್ಲ, ಬೇರೆಲ್ಲಾದರೂ ಉಂಡು ಹೊರಗೆ ನನಗಾಗಿ ಕಾಯಬೇಕೆಂದು ಅವನು ಸಿಡುಕಿದ. ಗಾಂಧೀಜಿಗೆ ಅದೇ ಬಿಡುಗಡೆಯೆನಿಸಿತು. ಎದ್ದು ಹೊರನಡೆದರು. ಹತ್ತಿರದಲ್ಲೇ ಇದ್ದ ಸಸ್ಯಾಹಾರದ ಹೋಟೆಲು ಮುಚ್ಚಿತ್ತು. ಆ ರಾತ್ರಿ ಊಟವಿಲ್ಲ. ಹಸಿದ ಹೊಟ್ಟೆಯಲ್ಲೇ ಗೆಳೆಯನ ಜೊತೆ ನಾಟಕ ನೋಡಿದರು. ಆ ವಿಷಯವನ್ನು ಇಬ್ಬರೂ ಮತ್ತೆ ಎತ್ತಲಿಲ್ಲ, ಸ್ನೇಹವೂ ಮುರಿಯಲಿಲ್ಲ.

ಇಲ್ಲಿ ನಾವು ಒಂದು ಕ್ಷಣ ನಿಲ್ಲಬೇಕು. ಆ ಗೆಳೆಯ ಕೆಟ್ಟವನಲ್ಲ. ಗಾಂಧೀಜಿಯವರ ಮೇಲೆ ಅವನಿಗೆ ನಿಜವಾದ ಪ್ರೀತಿಯಿತ್ತು. ಆದರೆ ಆ ಪ್ರೀತಿ ಇನ್ನೊಬ್ಬರ ಮನಸ್ಸಾಕ್ಷಿಗೆ ಊಟದ ಮೇಜಿನಲ್ಲಿ ಜಾಗ ಕೊಡಲಿಲ್ಲ. ಪ್ರೀತಿಯ ಹೆಸರಿನಲ್ಲಿ ನಡೆಯುವ ಇಂಥ ಒತ್ತಾಯ ನಮ್ಮ ಮದುವೆ ಮನೆಗಳಲ್ಲಿ, ಹಬ್ಬದ ಊಟಗಳಲ್ಲಿ ಎಷ್ಟು ಸಾಮಾನ್ಯವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೊಟ್ಟೆಯ ಪ್ರಶ್ನೆ

ಸಸ್ಯಾಹಾರದ ಹೋಟೆಲು ಸಿಕ್ಕ ಮೇಲೆ ಕಷ್ಟ ಮುಗಿಯಿತೆಂದುಕೊಂಡರೆ ತಪ್ಪು. ಮಾಂಸವೆಂದರೆ ಏನು ಎಂಬುದಕ್ಕೆ ಇಂಗ್ಲೆಂಡಿನಲ್ಲಿ ಮೂರು ಬಗೆಯ ಅರ್ಥಗಳನ್ನು ಗಾಂಧೀಜಿ ಕಂಡರು. ಪ್ರಾಣಿ ಪಕ್ಷಿಗಳದು ಮಾತ್ರ ಮಾಂಸ, ಮೀನು ತಿನ್ನಬಹುದೆಂಬುದು ಒಂದು. ಮೀನೂ ಸೇರಿ ಎಲ್ಲ ಜೀವಿಗಳದೂ ಮಾಂಸವೇ, ಮೊಟ್ಟೆ ಮಾತ್ರ ಅಲ್ಲವೆಂಬುದು ಎರಡನೆಯದು. ಜೀವಿಗಳಿಂದ ಬಂದ ಮೊಟ್ಟೆ, ಹಾಲುಗಳೂ ಆ ಲೆಕ್ಕಕ್ಕೇ ಸೇರುತ್ತವೆಂಬುದು ಮೂರನೆಯದು. ಎರಡನೆಯ ಅರ್ಥವನ್ನು ಒಪ್ಪಿ ಅವರು ಕೆಲಕಾಲ ಮೊಟ್ಟೆಯನ್ನೂ ತಿಂದರು. ಆದರೆ ಮನಸ್ಸು ಚುಚ್ಚಿತು. ಪ್ರತಿಜ್ಞೆ ಮಾಡಿಸಿದವಳು ತಾಯಿ. ಅವಳ ದೃಷ್ಟಿಯಲ್ಲಿ ಮೊಟ್ಟೆಯೂ ವರ್ಜ್ಯವೇ. ಆದ್ದರಿಂದ ಮಾತು ಪಡೆದವರ ಅರ್ಥವೇ ಮಾತಿನ ಅರ್ಥವೆಂದು ತೀರ್ಮಾನಿಸಿ ಮೊಟ್ಟೆಯನ್ನು ಬಿಟ್ಟರು.

ಇದರಿಂದ ಹೊಸ ಪೇಚು ಹುಟ್ಟಿತು. ಸಸ್ಯಾಹಾರದ ಹೋಟೆಲುಗಳಲ್ಲೂ ಅನೇಕ ಪುಡಿಂಗು, ಕೇಕುಗಳಲ್ಲಿ ಮೊಟ್ಟೆಯಿರುತ್ತಿತ್ತು. ಬಡಿಸುವ ಪ್ರತಿಯೊಂದು ತಿನಿಸಿನಲ್ಲೂ ಏನಿದೆಯೆಂದು ವಿಚಾರಿಸಬೇಕಾಯಿತು. ರುಚಿಯಾದ ಹಲವು ತಿನಿಸುಗಳು ಕೈತಪ್ಪಿದವು. ಇಂದು ಬೆಂಗಳೂರಿನ ದರ್ಶಿನಿಯಲ್ಲಿ ವೀಗನ್ ತರುಣಿಯೊಬ್ಬಳು ನಿಂತು, 'ದೋಸೆಗೆ ಎಣ್ಣೆಯೋ ತುಪ್ಪವೋ? ಪಲ್ಯಕ್ಕೆ ಬೆಣ್ಣೆ ಹಾಕಿದ್ದೀರಾ?' ಎಂದು ಕೇಳುವಾಗ ಅವಳು ಕೇಳುತ್ತಿರುವುದು ಅದೇ ಪ್ರಶ್ನೆಯನ್ನು. ಅಂದು ಲಂಡನ್ನಿನಲ್ಲಿ 'ಸಸ್ಯಾಹಾರ' ಎಂಬ ಫಲಕ ಮೊಟ್ಟೆಯನ್ನು ಒಳಗೊಂಡಿತ್ತು. ನಮ್ಮಲ್ಲಿ ಅದೇ ಫಲಕ ಮೊಟ್ಟೆಯನ್ನು ಹೊರಗಿಟ್ಟು ಹಾಲು, ಮೊಸರು, ತುಪ್ಪವನ್ನು ಒಳಗೊಂಡಿದೆ. ಒಂದೇ ಪದ ಊರಿಂದೂರಿಗೆ ಅರ್ಥ ಬದಲಿಸುವಾಗ ಕೇಳಿ ತಿಳಿಯುವುದೊಂದೇ ದಾರಿ.

ಊಟದ ಮನೆ, ಸ್ನೇಹದ ಮನೆ

ಈ ಹುಡುಕಾಟ ಅವರಿಗೆ ಹೊಟ್ಟೆಗೆ ಊಟವನ್ನಷ್ಟೇ ಕೊಡಲಿಲ್ಲ. ಸಸ್ಯಾಹಾರದ ವಸತಿಗೃಹವೊಂದರಲ್ಲಿ ಮ್ಯಾಂಚೆಸ್ಟರಿನ ಸಜ್ಜನ ಕ್ರೈಸ್ತರೊಬ್ಬರ ಪರಿಚಯವಾಯಿತು. ಅವರು ಮಾಂಸವನ್ನಾಗಲಿ ಮದ್ಯವನ್ನಾಗಲಿ ಮುಟ್ಟದವರು. ಅವರ ಮಾತಿನಂತೆ ಗಾಂಧೀಜಿ ಪವಿತ್ರ ಬೈಬಲನ್ನು ಓದತೊಡಗಿದರು. ಹಳೆಯ ಒಡಂಬಡಿಕೆಯ ಕೆಲವು ಭಾಗಗಳು ನಿದ್ದೆ ತರಿಸಿದವೆಂದು ಅವರು ಮುಚ್ಚಿಡದೆ ಬರೆದಿದ್ದಾರೆ. ಆದರೆ ಪ್ರಭು ಯೇಸುವಿನ ಪರ್ವತ ಪ್ರಸಂಗ ಅವರ ಹೃದಯವನ್ನು ನೇರವಾಗಿ ತಟ್ಟಿತು. ಅವರ ಜೀವನದಲ್ಲಿ ಆ ಪ್ರಸಂಗ ಪಡೆದ ಸ್ಥಾನವನ್ನು ಬಲ್ಲ ನಾವು, ಅದರ ಪರಿಚಯ ಸಾಧ್ಯವಾದದ್ದು ಒಂದು ಊಟದ ಮನೆಯಲ್ಲೆಂಬುದನ್ನು ನೆನೆಯಬೇಕು. 1890ರಲ್ಲಿ ಅವರು ಲಂಡನ್ನಿನ ಸಸ್ಯಾಹಾರಿ ಸಂಘದ ಕಾರ್ಯಕಾರಿ ಸಮಿತಿಯನ್ನು ಸೇರಿದರು. ಮರುವರ್ಷ ಅದರ ವಾರಪತ್ರಿಕೆಯಲ್ಲಿ ಭಾರತದ ಸಸ್ಯಾಹಾರಿಗಳ ಬಗ್ಗೆ ಲೇಖನಗಳನ್ನು ಬರೆದರು.

ಮುಂದೆ ದಕ್ಷಿಣ ಆಫ್ರಿಕದಲ್ಲೂ ಹೀಗೆಯೇ ಆಯಿತು. ಜೊಹಾನ್ಸ್‌ಬರ್ಗಿನ ಸಸ್ಯಾಹಾರದ ಹೋಟೆಲಿನಲ್ಲಿ ಆಲ್ಬರ್ಟ್ ವೆಸ್ಟ್, ಹೆನ್ರಿ ಪೋಲಾಕ್ ಎಂಬ ಜೀವದ ಗೆಳೆಯರು ದೊರೆತರು. 1904ರಲ್ಲಿ ಪ್ಲೇಗು ಹಬ್ಬಿದಾಗ, ದಿನವೂ ಊಟಕ್ಕೆ ಬರುತ್ತಿದ್ದ ಗಾಂಧೀಜಿ ಹೋಟೆಲಿನಲ್ಲಿ ಕಾಣಲಿಲ್ಲವೆಂದು ಕಳವಳಗೊಂಡ ವೆಸ್ಟ್ ಅವರ ಮನೆಯ ಬಾಗಿಲು ತಟ್ಟಿದರು. ರೋಗಿಗಳ ಆರೈಕೆಗೆ ತಾವೂ ಬರುತ್ತೇವೆಂದರು. ಹೋಟೆಲುಗಳು ಮಾತ್ರ ಗಟ್ಟಿಯಾಗಿ ನಿಲ್ಲಲಿಲ್ಲ. ಮಹಿಳೆಯೊಬ್ಬರು ದೊಡ್ಡದಾಗಿ ಆರಂಭಿಸಿದ ಇಂಥ ಹೋಟೆಲಿಗೆ ಗಾಂಧೀಜಿ ತಮ್ಮ ಕಕ್ಷಿಗಾರರೊಬ್ಬರ ಸಾವಿರ ಪೌಂಡನ್ನು ಕೊಡಿಸಿದರು. ಹಣ ಮುಳುಗಿತು; ಆ ನಷ್ಟವನ್ನು ಅವರೇ ತೆತ್ತರು. ತತ್ವವೊಂದೇ ಹೋಟೆಲನ್ನು ನಡೆಸಲಾರದೆಂಬ ಪಾಠ ಅಗ್ಗದಲ್ಲಿ ಸಿಗಲಿಲ್ಲ.

ಮತ್ತೆ ಹಾಲ್ಬರ್ನ್

ಈಗ ಪುನಃ ಲಂಡನ್ನಿಗೆ ಬರೋಣ. 1891ರ ಜೂನ್‌ನಲ್ಲಿ ವ್ಯಾಸಂಗ ಮುಗಿಸಿ ಊರಿಗೆ ಹೊರಡುವ ಮುನ್ನ ಗಾಂಧೀಜಿ ತಮ್ಮ ಸಸ್ಯಾಹಾರಿ ಗೆಳೆಯರಿಗೆ ಬೀಳ್ಕೊಡುಗೆಯ ಊಟ ಹಾಕಿಸಿದರು. ಎಲ್ಲಿ? ಅದೇ ಹಾಲ್ಬರ್ನ್ ರೆಸ್ಟೋರೆಂಟಿನಲ್ಲಿ! ಸಸ್ಯಾಹಾರದ ಊಟ ಸಸ್ಯಾಹಾರದ ಹೋಟೆಲಿನಲ್ಲಿ ಸಿಗುವುದು ಸಹಜ, ಬೇರೆ ಹೋಟೆಲಿನಲ್ಲಿ ಏಕೆ ಸಿಗಬಾರದೆಂದು ಅವರಿಗೆ ಅನ್ನಿಸಿತು. ಮುಂಚಿತವಾಗಿಯೇ ಅಲ್ಲಿಯ ವ್ಯವಸ್ಥಾಪಕರನ್ನು ಕಂಡು ಮಾತಾಡಿದರು. ಅವರು ಒಪ್ಪಿ ಪೂರ್ಣ ಸಸ್ಯಾಹಾರದ ಭೋಜನವನ್ನು ಸಿದ್ಧಪಡಿಸಿದರು. ಅತಿಥಿಗಳಿಗೆ ಪರಮಾನಂದ. ಗಾಂಧೀಜಿ ಮಾತಾಡಲು ಎದ್ದು ನಿಂತರು, ಕಲಿತು ತಂದ ಹಾಸ್ಯದ ಮಾತು ಮರೆತುಹೋಯಿತು, ಬಂದವರಿಗೆ ವಂದಿಸಿ ಕುಳಿತುಬಿಟ್ಟರು.

ಯಾವ ಹೋಟೆಲಿನಿಂದ ಒಂದು ಪ್ರಶ್ನೆ ಕೇಳಿದ್ದಕ್ಕಾಗಿ ಹೊರನಡೆಯಬೇಕಾಯಿತೋ ಅದೇ ಹೋಟೆಲಿನಲ್ಲಿ ಅವರು ಅತಿಥೇಯರಾದರು. ಕಟ್ಟಡ ಅದೇ, ಅಡಿಗೆಮನೆ ಅದೇ. ಎರಡನೆಯ ಸಲ ಕೇಳುವವರು ಹೊತ್ತಿಗೆ ಮುಂಚೆ ಹೋಗಿ ಕೇಳಿದರು, ಕೇಳಿಸಿಕೊಂಡವರು ಮನಸ್ಸಿಟ್ಟು ಕೇಳಿಸಿಕೊಂಡರು.

ಆದರೆ ಮುಂಬಯಿಗೆ ಬಂದಿಳಿದಾಗ ಅವರಿಗೆ ಕಾದಿದ್ದುದು ತಾಯಿಯ ಮರಣದ ಸುದ್ದಿ. ಅವರು ಇಂಗ್ಲೆಂಡಿನಲ್ಲಿದ್ದಾಗಲೇ ತಾಯಿ ತೀರಿಕೊಂಡಿದ್ದರು. ಪರದೇಶದಲ್ಲಿ ಮಗನಿಗೆ ಆಘಾತವಾಗದಿರಲೆಂದು ಅಣ್ಣ ತಿಳಿಸಿರಲಿಲ್ಲ. ಮಾತು ಉಳಿಸಿಕೊಂಡು ಬಂದೆನೆಂದು ಹೇಳಲು ಕೇಳುವವರೇ ಇರಲಿಲ್ಲ.

ಹಾಲಿನ ಪ್ರಶ್ನೆ

ಮಾಂಸದ ಮೂರನೆಯ ಅರ್ಥ, ಅಂದರೆ ಹಾಲೂ ವರ್ಜ್ಯವೆಂಬುದು, ಗಾಂಧೀಜಿಯವರನ್ನು ಬಿಡಲಿಲ್ಲ. ಕಲ್ಕತ್ತೆಯಲ್ಲಿ ಹಾಲಿಗಾಗಿ ಹಸು ಎಮ್ಮೆಗಳಿಗೆ ಕೊಡುವ ಹಿಂಸೆಯನ್ನು ಕುರಿತು ಓದಿದರು. 1912ರಲ್ಲಿ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಗೆಳೆಯ ಕಾಲೆನ್‌ಬಾಕ್ ಅವರೊಂದಿಗೆ ಹಾಲನ್ನು ತ್ಯಜಿಸಿದರು. 1918ರಲ್ಲಿ ಆಮಶಂಕೆಯಿಂದ ಸಾವಿನ ಅಂಚನ್ನು ಮುಟ್ಟಿ ದೀರ್ಘಕಾಲ ಹಾಸಿಗೆ ಹಿಡಿದಾಗ ವೈದ್ಯರು ಹಾಲು ಬೇಕೇಬೇಕೆಂದರು. ವ್ರತ ಹಿಡಿದದ್ದು ಹಸು ಎಮ್ಮೆಗಳ ಹಾಲನ್ನು ನೆನೆದು, ಆಡಿನ ಹಾಲಿಗೆ ಅಡ್ಡಿಯೇನೆಂದು ಕಸ್ತೂರಬಾ ಕೇಳಿದರು. ಅವರು ಒಪ್ಪಿದರು. ಆದರೆ ಅಕ್ಷರವನ್ನು ಉಳಿಸಿಕೊಂಡು ಆತ್ಮವನ್ನು ಕಳೆದುಕೊಂಡೆನೆಂಬ ನೋವು ಕೊನೆಯವರೆಗೂ ಉಳಿಯಿತು. ಇಪ್ಪತ್ತರ ಹರೆಯದಲ್ಲಿ ತಾಯಿಯ ಅರ್ಥವನ್ನೇ ಎತ್ತಿಹಿಡಿದವರು ಐವತ್ತರ ಹೊಸ್ತಿಲಲ್ಲಿ ಪದದ ಆಸರೆ ಪಡೆದರು, ಅದನ್ನು ಮುಚ್ಚಿಡದೆ ಬರೆದರು. ಆಹಾರದ ನಿಯಮ ಹಿಡಿದವರು ಇತರರನ್ನು ಕೀಳಾಗಿ ಕಾಣದಿರಲು ಇದೊಂದು ಪ್ರಸಂಗ ಸಾಕು.

ಗಾಂಧೀಜಿ ಎತ್ತಿದ ಹಾಲಿನ ಪ್ರಶ್ನೆಯನ್ನು ಇಂಗ್ಲೆಂಡಿನಲ್ಲಿ ಮುಂದೆ ಇತರರು ಕೈಗೆತ್ತಿಕೊಂಡರು. ಎರಡನೆಯ ಮಹಾಯುದ್ಧದ ಕಾಲ, ಆಹಾರಕ್ಕೆ ಪಡಿತರ. 1944ರಲ್ಲಿ ಕೆಲವು ಸಸ್ಯಾಹಾರಿಗಳು, ಹಾಲನ್ನೂ ಬಿಟ್ಟವರಿಗಾಗಿ ತಮ್ಮ ಸಂಘದ ಪತ್ರಿಕೆಯಲ್ಲಿ ಸ್ವಲ್ಪ ಜಾಗ ಕೇಳಿದರು. ಸಿಗಲಿಲ್ಲ. ಆಗ ಡೊನಾಲ್ಡ್ ವಾಟ್ಸನ್ ಎಂಬ ಮರಗೆಲಸದ ಮೇಷ್ಟ್ರು ಎರಡು ಪೆನ್ನಿ ಬೆಲೆಯ ತಮ್ಮದೇ ಪತ್ರಿಕೆಯನ್ನು ಹೊರಡಿಸಿದರು. 'ವೆಜಿಟೇರಿಯನ್' ಎಂಬ ಪದದ ತಲೆ ಬಾಲಗಳನ್ನು ಜೋಡಿಸಿದ 'ವೀಗನ್' ಎಂಬ ಹೊಸ ಪದವೇ ಅದರ ಹೆಸರಿನಲ್ಲಿತ್ತು. ಆ ವರ್ಷದ ನವೆಂಬರ್‌ನಲ್ಲಿ ಆರೇಳು ಜನ ಸೇರಿ ಸಂಘ ಕಟ್ಟಿದ್ದು ಲಂಡನ್ನಿನ ಹೈ ಹಾಲ್ಬರ್ನ್ ಬೀದಿಯ ಒಂದು ಕ್ಲಬ್ಬಿನಲ್ಲಿ. ತರುಣ ಗಾಂಧಿ ಸೂಪಿನ ಬಗ್ಗೆ ಕೇಳಿ ಹಸಿದು ಹೊರಬಂದದ್ದೂ ಆ ಬೀದಿಗೇ! 1994ರಿಂದ ವಿಶ್ವ ವೀಗನ್ ದಿನವನ್ನು ಆಚರಿಸುತ್ತಿರುವುದು ನವೆಂಬರ್ 1ರಂದು. ಅದು ನಮಗೆ ಸಕಲ ಸಂತರ ಹಬ್ಬ, ಕನ್ನಡಿಗರೆಲ್ಲರಿಗೂ ರಾಜ್ಯೋತ್ಸವ. ತಾರೀಖು ಕೂಡಿಬಂದದ್ದು ಕಾಕತಾಳೀಯ. ಆದರೂ ನೆನಪಿಡಲು ಸುಲಭ.

ನಮ್ಮ ಮನೆಗಳ ಮೇಜು

ಇಂಥ ಊಟ ನಮ್ಮ ಪರಂಪರೆಗೆ ತೀರ ಹೊಸದೇನೂ ಅಲ್ಲ. ಮಧ್ಯಯುಗದಲ್ಲಿ ಪಶ್ಚಿಮದ ಧರ್ಮಸಭೆಯಲ್ಲೂ ತಪಸ್ಸುಕಾಲದುದ್ದಕ್ಕೂ ಮಾಂಸದ ಜೊತೆಗೆ ಮೊಟ್ಟೆ, ಹಾಲು, ಬೆಣ್ಣೆಗಳನ್ನು ವರ್ಜಿಸುವ ಪದ್ಧತಿಯಿತ್ತು. ವಿಭೂತಿ ಬುಧವಾರದ ಹಿಂದಿನ ದಿನ ಇಂಗ್ಲೆಂಡಿನಲ್ಲಿ ಮೊಟ್ಟೆ ಹಾಲುಗಳ ದೋಸೆ ಮಾಡುವ ರೂಢಿ ಬಂದದ್ದು ಮನೆಯಲ್ಲಿದ್ದುದನ್ನು ಮುಗಿಸುವುದಕ್ಕಾಗಿ. ಇತಿಯೋಪಿಯದ ಆರ್ಥೊಡಾಕ್ಸ್ ಕ್ರೈಸ್ತರು ಇಂದಿಗೂ ಬುಧವಾರ, ಶುಕ್ರವಾರ ಮತ್ತು ದೀರ್ಘ ಉಪವಾಸಗಳಲ್ಲಿ ಮಾಂಸ, ಹಾಲು, ಮೊಟ್ಟೆಗಳನ್ನು ಬಿಡುತ್ತಾರೆ. ಆದ್ದರಿಂದಲೇ ದೊಡ್ಡ ಪಟ್ಟಣಗಳಲ್ಲಿ ವೀಗನರು ಇತಿಯೋಪಿಯದ ಹೋಟೆಲುಗಳನ್ನು ಹುಡುಕಿಕೊಂಡು ಹೋಗುತ್ತಾರೆ. ಅಲ್ಲಿ ಉಪವಾಸದ ಊಟವೆಂದು ಕೇಳಿದರೆ ಸಾಕು, ಬೇಳೆ ತರಕಾರಿಗಳ ತುಂಬು ತಟ್ಟೆ ಬರುತ್ತದೆ.

ನಮ್ಮ ಅಡಿಗೆಮನೆಗಳೂ ಬಡವಲ್ಲ. ಮುದ್ದೆ ಮತ್ತು ಸೊಪ್ಪಿನ ಸಾರು, ಹುರುಳಿ ಬಸ್ಸಾರು, ಅಕ್ಕಿರೊಟ್ಟಿ, ಜೋಳದ ರೊಟ್ಟಿ ಎಣ್ಣೆಗಾಯಿ, ಚಿತ್ರಾನ್ನ, ಇಡ್ಲಿ, ತೆಂಗಿನ ಹಾಲಿನ ಪಾಯಸ. ತುಪ್ಪ ಸುರಿಯುವ ಕೈಯನ್ನು ಸ್ವಲ್ಪ ತಡೆದರೆ ಮಗಳ ಊಟ ಸಿದ್ಧ. ಡಬ್ಬದ ಪದಾರ್ಥಗಳಿಗೆ 2022ರಿಂದ ನಮ್ಮ ದೇಶದಲ್ಲಿ ವೀಗನ್ ಆಹಾರದ ಪ್ರತ್ಯೇಕ ನಿಯಮಾವಳಿಯೂ ಗುರುತೂ ಬಂದಿವೆ. ಒಂದು ಎಚ್ಚರ ಮಾತ್ರ ಬೇಕು. ನರಗಳಿಗೂ ರಕ್ತಕ್ಕೂ ಅವಶ್ಯವಾದ ಬಿ-12 ಜೀವಸತ್ವ ಸಸ್ಯಾಹಾರದಿಂದ ಸಾಕಷ್ಟು ದೊರೆಯುವುದಿಲ್ಲ. ಆದ್ದರಿಂದ ವೈದ್ಯರನ್ನು ಕೇಳಿ ಅದನ್ನು ಬೇರೆಯಾಗಿ ಸೇವಿಸಬೇಕು. ಬೆಳೆಯುವ ಮಕ್ಕಳ ವಿಷಯದಲ್ಲಿ ಇದನ್ನು ಮರೆಯಬಾರದು.

ಎಲ್ಲರೂ ಹಾಲು ಬಿಡಬೇಕೆಂದು ಈ ಬರಹ ಹೇಳುತ್ತಿಲ್ಲ. ಹಸುವೊಂದನ್ನು ಕಟ್ಟಿಕೊಂಡು ಮಕ್ಕಳನ್ನು ಓದಿಸಿದ ತಾಯಂದಿರು ನಮ್ಮ ಧರ್ಮಕೇಂದ್ರಗಳಲ್ಲಿ ಬಹಳ ಮಂದಿ. ಅವರ ಶ್ರಮವನ್ನು ಹೀಗಳೆಯುವ ವ್ರತ ವ್ರತವಲ್ಲ. ಹಾಗೆಯೇ ಮಗಳ ಮನಸ್ಸಾಕ್ಷಿಯನ್ನು ನಗೆಗೀಡುಮಾಡುವ ಪ್ರೀತಿಯೂ ಪೂರ್ಣವಲ್ಲ. ಇನ್ನು ಮುಂದೆ ಹಬ್ಬದ ಊಟಕ್ಕೆ ಅತಿಥಿಗಳನ್ನು ಕರೆಯುವಾಗ, ನಿಮಗೆ ಯಾವುದು ಬೇಡವೆಂದು ಮುಂಚಿತವಾಗಿಯೇ ಕೇಳೋಣ. ಬರುವವರೂ ಎಲೆಯ ಮುಂದೆ ಕುಳಿತ ಮೇಲೆ ಹೇಳದೆ ಎರಡು ದಿನ ಮುಂಚೆಯೇ ತಿಳಿಸಲಿ. ಹಾಲ್ಬರ್ನಿನ ಆ ವ್ಯವಸ್ಥಾಪಕರ ಹೆಸರು ಗಾಂಧೀಜಿಯವರ ಆತ್ಮಕಥೆಯಲ್ಲಿಲ್ಲ. ಆದರೆ ಅವರು ಒಪ್ಪಿ ಬಡಿಸಿದ ಒಂದು ಊಟವನ್ನು ಗಾಂಧೀಜಿ ಮೂರು ದಶಕಗಳ ಮೇಲೂ ಮರೆಯದೆ ಬರೆದಿಟ್ಟರು.